ಅಪ್‌ಡೇಟ್: ಕೊನೆಗೂ ಬ್ರೌಸರ್ ಬದಲಾಯಿಸಿದೆ

ಅಮ್ಮನ ಮಂಡಿನೋವಿಗೆ ಜಯನಗರದಲ್ಲಿ ಒಳ್ಳೆ ಡಾಕ್ಟರ್ ಯಾರು ಅಂತ ಒಂದೇ ಸಲ ಹುಡುಕಿದ್ದೆ. ಆಮೇಲೆ ಎಲ್ಲಿ ನೋಡಿದರೂ ಮಂಡಿಪಟ್ಟಿ, ನೋವಿನ ಎಣ್ಣೆ ಜಾಹೀರಾತು. ಹೀಗೆ ಬೆನ್ನು ಹತ್ತದ ಬ್ರೌಸರ್ ಯಾವುದು ಅಂತ ಹೋದ ವಾರ ಕೇಳಿದ್ದೆ.

ಫೈರ್‌ಫಾಕ್ಸ್ ಬ್ರೌಸರ್‌ಗೆ ಯುಬ್ಲಾಕ್ ಆರಿಜಿನ್ (ಜಾಹೀರಾತು, ಬೆನ್ನು ಹತ್ತುವ ಟ್ರ್ಯಾಕರ್ ತಡೆಯುವ ಆ್ಯಡ್-ಆನ್) ಹಾಕಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೆಲಸ ಮಾಡಿತು. ಆಂಡ್ರಾಯ್ಡ್ ಫೋನಿನಲ್ಲೂ ಅದನ್ನು ಹಾಕಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ದಿನಾ ಓದುವ ನ್ಯೂಸ್ ಸೈಟ್ ತೆರೆದು ಲೆಕ್ಕ ನೋಡಿದೆ. ಒಂದೇ ಪುಟದಲ್ಲಿ ಜಾಹೀರಾತು, ಟ್ರ್ಯಾಕರ್ ಅಂತ 38 ರಿಕ್ವೆಸ್ಟ್ ತಡೆದಿತ್ತು!

ಬ್ರೇವ್ ಅನ್ನೋ ಬ್ರೌಸರ್ ಕೂಡ ಚೆನ್ನಾಗಿದೆ. ಬೇರೇನೂ ಹಾಕದೆಯೇ ಜಾಹೀರಾತು ತಡೆಯುತ್ತದೆ, ಅದಕ್ಕೇ ಅಮ್ಮನ ಫೋನಿಗೆ ಅದನ್ನು ಹಾಕಿಕೊಟ್ಟೆ. ಟಾರ್ ಬ್ರೌಸರ್ ದಿನಬಳಕೆಗೆ ಆಗಲಿಲ್ಲ, ನಾವು ಯಾರು ಅಂತ ಮರೆಮಾಡಲು ಪ್ರತಿ ಪುಟವೂ ಮೂರು ಬೇರೆ ಕಂಪ್ಯೂಟರ್ ಸುತ್ತಿ ಬರುವುದರಿಂದ ನಿಧಾನ.

ಬ್ರೌಸರಿನ ಇನ್‌ಕಾಗ್ನಿಟೊ (ಖಾಸಗಿ) ಮೋಡ್ ಸಾಕು ಅಂದವರೂ ಇದ್ದರು. ಸಾಕಾಗಲ್ಲ. ಅದು ನಮ್ಮ ಫೋನಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಯಾವ ಸೈಟಿಗೆ ಹೋದೆವು ಅಂತ ಇಂಟರ್ನೆಟ್ ಕೊಡುವವರಿಗೆ ಆಗಲೂ ಗೊತ್ತಾಗಬಹುದು.

ನಿಜವಾಗಿ ಬೆಚ್ಚಿಬೀಳಿಸಿದ್ದು ಫಿಂಗರ್‌ಪ್ರಿಂಟಿಂಗ್. ಕುಕೀ (ಸೈಟುಗಳು ನಮ್ಮ ಬ್ರೌಸರಿನಲ್ಲಿ ಉಳಿಸುವ ಗುರುತಿನ ಪುಟ್ಟ ಮಾಹಿತಿ) ಅಳಿಸಿದರೂ ಸ್ಕ್ರೀನ್ ಅಳತೆ, ಟೈಮ್ ಝೋನ್, ಕಂಪ್ಯೂಟರಿನಲ್ಲಿರುವ ಫಾಂಟ್‌ಗಳು ಇವೆಲ್ಲ ಸೇರಿ ನಮ್ಮನ್ನು ಗುರುತಿಸಬಹುದು. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್‌ನ 'ಕವರ್ ಯುವರ್ ಟ್ರ್ಯಾಕ್ಸ್' ಪುಟದಲ್ಲಿ ನಿಮ್ಮ ಬ್ರೌಸರ್ ಎಷ್ಟು ಗುರುತು ಸಿಗುತ್ತದೆ ಅಂತ ಪುಕ್ಕಟೆ ನೋಡಿಕೊಳ್ಳಿ.

ಒಂದೇ ತೊಂದರೆ ಆಯಿತು. ಕರೆಂಟ್ ಬಿಲ್ ಕಟ್ಟುವಾಗ ಬ್ಯಾಂಕಿನ ಪುಟ ಸುಮ್ನೆ ಸುತ್ತುತ್ತಾ ನಿಂತುಬಿಟ್ಟಿತು. ಯುಬ್ಲಾಕ್‌ನ ದೊಡ್ಡ ಪವರ್ ಗುಂಡಿ ಒತ್ತಿ, ಆ ಸೈಟಿಗೆ ಮಾತ್ರ ಆಫ್ ಮಾಡಿ ರೀಲೋಡ್ ಮಾಡಿದೆ. ಓಟಿಪಿ ಬಂತು, ಬಿಲ್ ಕಟ್ಟಾಯಿತು.