ಅಪ್‌ಡೇಟ್: ಗರ್ಭಸ್ಥ ಶಿಶುವಿನ ಹಿಗ್ಗಿದ ಮೂತ್ರಪಿಂಡದ ಕ್ಲೇಮು ಕೊನೆಗೂ ದಾಟಿತು

ಗರ್ಭಿಣಿಯ ಸ್ಕ್ಯಾನಿನ ವಿಮಾ ಕ್ಲೇಮಿಗೆ ಯಾವ ರೋಗನಿರ್ಣಯ ಕೋಡ್ ಹಾಕಬೇಕು ಎಂದು ಕಳೆದ ವಾರ ಕೇಳಿದ್ದು ನಾನೇ. ಇಪ್ಪತ್ತು ವಾರದ ಸ್ಕ್ಯಾನಿನಲ್ಲಿ ಮಗುವಿನ ಎಡ ಮೂತ್ರಪಿಂಡ ಹಿಗ್ಗಿದೆ ಎಂದಿತ್ತು. ಬೆಂಗಳೂರಿನಲ್ಲಿ ಕುಳಿತು ಆ ಅಮೆರಿಕದ ಕ್ಲೇಮಿಗೆ ಕ್ಯೂ62.0 ಎಂಬ ಕೋಡ್ ಹಾಕಿದ್ದೆ, ಅದು ತಿರಸ್ಕೃತವಾಗಿ ಮರಳಿತ್ತು.

ತಪ್ಪು ನನ್ನದೇ. ಕ್ಯೂ62.0 ಎಂದರೆ ಜನ್ಮಜಾತ ಹೈಡ್ರೊನೆಫ್ರೋಸಿಸ್ (ಮೂತ್ರ ತುಂಬಿ ಮೂತ್ರಪಿಂಡ ಹಿಗ್ಗುವುದು), ನಿಜ. ಆದರೆ ಅದು ಹುಟ್ಟಿದ ಮಗುವಿನ ದಾಖಲೆಗೆ. ಮಗು ಹೊಟ್ಟೆಯಲ್ಲಿರುವಾಗ ಈ ಸ್ಕ್ಯಾನಿನ ರೋಗಿ ತಾಯಿ. ಹಾಗಾಗಿ ಕೋಡ್ ಗರ್ಭ-ಹೆರಿಗೆಗೆ ಮೀಸಲಾದ ‘ಓ’ ಅಧ್ಯಾಯದಿಂದಲೇ ಬರಬೇಕು. ನೀವು ಕೆಲವರು ಸೂಚಿಸಿದ ಓ35.8 ಒಂದು ಕಾಲಕ್ಕೆ ಸರಿಯಾಗಿತ್ತು. 2022ರ ಅಕ್ಟೋಬರ್ 1ರಿಂದ ಅಮೆರಿಕದ ರೋಗ ಕೋಡ್‌ಗಳ ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿ ಭ್ರೂಣದ ಮೂತ್ರ-ಜನನಾಂಗ ದೋಷಗಳಿಗೆ ಪ್ರತ್ಯೇಕ ಮನೆ ಸಿಕ್ಕಿದೆ: ಓ35.ಇ. ನನ್ನ ಮೇಜಿನ ಮೇಲಿದ್ದದ್ದು 2021ರ ಪುಸ್ತಕ! ಈಗ ಅದು ಮಾನಿಟರಿನ ಕೆಳಗೆ ಮಣೆಯಾಗಿದೆ.

ಒಂದೇ ಮಗುವಾದ್ದರಿಂದ ಓ35.ಇಎಕ್ಸ್‌ಎಕ್ಸ್0 ಹಾಕಿದೆ. ಅವಳಿಯಾಗಿದ್ದರೆ ದೋಷವಿರುವುದು ಯಾವ ಭ್ರೂಣದಲ್ಲಿ ಎಂಬುದನ್ನು ಕೊನೆಯ ಅಂಕಿ ಹೇಳಬೇಕು, 1 ಅಥವಾ 2. ಜೊತೆಗೆ ಗರ್ಭದ ವಾರಕ್ಕೆ ಜೆಡ್3ಎ.20 ಸೇರಿಸಿದೆ. ಎರಡನೆಯ ಸಲ ಕ್ಲೇಮು ಅಂಗೀಕಾರವಾಯಿತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.