ಜೈಸಲ್ಮೇರ್‌ನ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಒಂದೇ ದಿನ: ಎರೆಭೂತ ಕಂಡೀತೇ?

ಪ್ರಶ್ನೆ (ಬಯಲುಸೀಮೆ):
ನಮಸ್ಕಾರ. ಬರುವ ಜನವರಿಯಲ್ಲಿ ತಂದೆಯವರೊಡನೆ ಜೈಸಲ್ಮೇರ್‌ಗೆ ಹೋಗುತ್ತಿದ್ದೇನೆ. ಅವರಿಗೆ 72 ವರ್ಷ, ಹೆಚ್ಚು ನಡೆಯಲಾರರು. ಹುಡುಗನಾಗಿದ್ದಾಗ ರಾಣೆಬೆನ್ನೂರಿನ ಬಯಲಿನಲ್ಲಿ ಎರೆಭೂತವನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯನ್ನು) ಕಂಡದ್ದನ್ನು ಇಂದಿಗೂ ಹೇಳುತ್ತಿರುತ್ತಾರೆ. ಅದನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ಹಕ್ಕಿ ನೋಡಲು ನಮಗೆ ಸಿಗುವುದು ಒಂದೇ ದಿನ. ಅದನ್ನು ಹೇಗೆ ಕಳೆಯಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಹುಲ್ಲುಗಾವಲು):
ಉದ್ಯಾನದ ವಿಸ್ತೀರ್ಣ 3,162 ಚದರ ಕಿಲೋಮೀಟರ್; ಜೈಸಲ್ಮೇರ್ ಮತ್ತು ಬಾಡ್‌ಮೇರ್ ಜಿಲ್ಲೆಗಳಲ್ಲಿ ಹರಡಿದೆ. ಅದನ್ನೆಲ್ಲ ಸುತ್ತುವ ಯೋಚನೆಯನ್ನು ಬಿಟ್ಟು ಸುದಾಸರಿಯ ಬೇಲಿಯೊಳಗಿನ ಹುಲ್ಲುಗಾವಲಿನ ಅಂಚೊಂದನ್ನೇ ನಂಬಿ ಕೂರುವುದು ಉತ್ತಮ. ಅರಣ್ಯ ಇಲಾಖೆಯ ಅನುಮತಿಯ ವಿಚಾರವನ್ನು ಹಿಂದಿನ ದಿನವೇ ಮುಗಿಸಿಕೊಳ್ಳಿ, ಸೂರ್ಯೋದಯಕ್ಕೆ ಮೊದಲೇ ಅಲ್ಲಿರಿ. ಆ ಹೊತ್ತಿನ ಚಳಿ ನಮ್ಮ ಕಡೆಯದಲ್ಲ; ತಂದೆಯವರಿಗೆ ಕಂಬಳಿ, ಉಣ್ಣೆಯ ಟೋಪಿ ಎರಡೂ ಬೇಕು.

ನಾನು ಹೋದಾಗ ಎರಡು ಗಂಟೆ ಏನೂ ಕಾಣಲಿಲ್ಲ. ಸೇವಣ್ ಹುಲ್ಲಿನ ನಡುವೆ ಬಿಳಿಯ ಬೇಲಿಗೂಟವೆಂದು ಬಗೆದಿದ್ದದ್ದು ಇದ್ದಕ್ಕಿದ್ದಂತೆ ತಲೆ ತಿರುಗಿಸಿತು. ಕಪ್ಪು ನೆತ್ತಿ, ನೀಳ ಕೊರಳು, ಒಂದೊಂದೇ ಹೆಜ್ಜೆಯನ್ನು ಅಳೆದಿಡುವ ನಡಿಗೆ. ವಾಹನದಿಂದ ಇಳಿದಿದ್ದರೆ ಅದು ಅಲ್ಲಿ ಉಳಿಯುತ್ತಿರಲಿಲ್ಲ. ಆದ್ದರಿಂದ ತಂದೆಯವರು ನಡೆಯಲಾರರೆಂಬ ಚಿಂತೆ ಬೇಡ, ಇಲ್ಲಿ ಕುಳಿತು ನೋಡುವವರಿಗೇ ಹಕ್ಕಿ ಹೆಚ್ಚು ಕಾಣುತ್ತದೆ.

ಬಿಸಿಲೇರಿದ ಮೇಲೆ ನೀರಿನ ತಾಣದ ಬಳಿ ಪಾರಿವಾಳದಂತಿರುವ ಸ್ಯಾಂಡ್‌ಗ್ರೌಸ್ ಹಕ್ಕಿಗಳಿಗಾಗಿ ಕಾಯಿರಿ. ಗುಂಪುಗುಂಪಾಗಿ ಬಂದಿಳಿದು, ನೀರು ಕುಡಿದು, ಕ್ಷಣದಲ್ಲಿ ಎದ್ದುಹೋಗುತ್ತವೆ. ಮಧ್ಯಾಹ್ನ ರಣಹದ್ದುಗಳಿಗಾಗಿ ಆಕಾಶ ನೋಡಿ. ಸಮ್‌ನ ಮರಳದಿಬ್ಬಗಳಲ್ಲಿ ಒಂಟೆಗಳೂ ಜನಜಂಗುಳಿಯೂ ಇರುತ್ತವೆ, ಹಕ್ಕಿಗಾಗಿ ಅಲ್ಲಿಗೆ ಹೋಗಬೇಕಿಲ್ಲ.

ಉತ್ತರ (ಸಿರುಗುಪ್ಪದಿಂದ):
ನಮ್ಮ ಎರೆಹೊಲಗಳಲ್ಲೂ ಕಂಡುಬಂದಿರುವ ಈ ಹಕ್ಕಿಯನ್ನು ಇಲ್ಲಿ ಎರ್ಲಡ್ಡು ಎನ್ನುತ್ತೇವೆ. ದಾರಿಯುದ್ದಕ್ಕೂ ಗಾಳಿಯಂತ್ರಗಳನ್ನೂ ವಿದ್ಯುತ್ ತಂತಿಗಳನ್ನೂ ನೀವು ಕಾಣುವಿರಿ. ಎರ್ಲಡ್ಡುವಿನ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೇರ ಎದುರಿನ ನೋಟ ಕಿರಿದು. ಗಂಡಿನ ತೂಕ 15 ಕಿಲೋವರೆಗೂ ಇರುವುದರಿಂದ, ತಂತಿ ಕಂಡರೂ ಆ ಭಾರದ ದೇಹವನ್ನು ಥಟ್ಟನೆ ತಿರುಗಿಸಿಕೊಳ್ಳಲಾಗದೆ ತಂತಿಗೆ ಬಡಿದು ಸಾಯುತ್ತದೆ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿಗೆ ಇಳಿಸಲು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮೊಟ್ಟೆಯಿಡುವ ಹಕ್ಕಿ ಎಷ್ಟು ಕಾಲ ಕಾಯಬಲ್ಲದು? ಸಮ್‌ನಲ್ಲಿ 2019ರಿಂದ ಮೊಟ್ಟೆಗಳನ್ನು ಕಾವಿಗಿಟ್ಟು ಮರಿ ಬೆಳೆಸುತ್ತಿರುವುದು ನನಗೆ ದೊಡ್ಡ ಭರವಸೆ.

ಒಂದು ವಿನಂತಿ: ಹಕ್ಕಿ ಕಂಡರೆ ಚಿತ್ರ ಹಾಕಿ, ಕಂಡ ನಿಖರ ಜಾಗವನ್ನು ಮಾತ್ರ ಬರೆಯಬೇಡಿ.

ಬಯಲುಸೀಮೆ:
ಇಬ್ಬರಿಗೂ ಧನ್ಯವಾದಗಳು. ಜಾಗವನ್ನು ಖಂಡಿತ ಬರೆಯುವುದಿಲ್ಲ. ಬೇಲಿಗೂಟದ ಸಂಗತಿಯನ್ನು ತಂದೆಯವರಿಗೆ ಓದಿ ಹೇಳಿದೆ. ಅಂದು ರಾಣೆಬೆನ್ನೂರಿನಲ್ಲಿ ಅವರು ಅದನ್ನು ದೂರದಿಂದ ಗುಂಪು ತಪ್ಪಿದ ಕುರಿಯೆಂದೇ ತಿಳಿದು, ಹೊಡೆದುಕೊಂಡು ಬರಲು ಹೊರಟಿದ್ದರಂತೆ.