ಅಪ್‌ಡೇಟ್: ಮಣಿಕಟ್ಟು ಮುರಿದಿದ್ದ ನಮ್ಮ ಲೇಥ್ ಆಪರೇಟರ್ ವಾಪಸ್ ಬಂದರು

ಲೋಹ ಕಡೆಯುವ ಲೇಥ್ ಯಂತ್ರಗಳಿರುವ ಪೀಣ್ಯದ ನಮ್ಮ ಶೆಡ್‌ಗೆ ಬರುವಾಗ ಗಾಡಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡವರನ್ನು ಮತ್ತೆ ಕೆಲಸಕ್ಕೆ ಹೇಗೆ ಕರೆಸೋದು ಅಂತ ಕೇಳಿದ್ದೆ, ಅಲ್ವಾ?

'ಅರ್ಧ ದಿನ ಕರೆಸಿ' ಅನ್ನೋ ಸಲಹೆ ಆಗಲಿಲ್ಲ. ಸಂಬಳಕ್ಕೆ ದುಡಿದ ದಿನಕ್ಕೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ದುಡ್ಡು ಸಿಗಲ್ಲ, ಅವರಿಗೇ ನಷ್ಟ. ಡಾಕ್ಟರ್ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವವರೆಗೂ ಕಾದೆವು. ಆಮೇಲೆ ಗೇಟಲ್ಲಿ ರಿಜಿಸ್ಟರ್ ಬರೆಯೋಕೆ ಕೂರಿಸಿದೆ. ಎರಡೇ ದಿನ. 'ನಾನೇನು ವಾಚ್‌ಮನ್ನಾ ಸರ್?' ಅಂದರು. ತಪ್ಪು ನನ್ನದೇ.

ಕೈಹಿಡಿದಿದ್ದು, ತಯಾರಾದ ಭಾಗಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಷನ್ ಟೇಬಲ್‌ಗೆ ಕೂರಿಸಿ ಅನ್ನೋ ಸಲಹೆ. ವರ್ನಿಯರ್ ಎಡಗೈಯಲ್ಲಿ ಹಿಡಿದು ಬುಷ್ (ಕೊಳವೆಯಂಥ ಲೋಹದ ಭಾಗ) ಅಳೆಯುತ್ತಾರೆ. ಮೊನ್ನೆ ಒಂದು ಬುಷ್ ಮೇಲೆ ಉಗುರು ಎಳೆದು, 'ಟೂಲ್ ಸವೆದಿದೆ, ಬದಲಾಯಿಸೋ' ಅಂತ ಹುಡುಗನಿಗೆ ಕೂಗಿದರು. ಸರಿಯಾಗಿತ್ತು!

ಗೊತ್ತಿಲ್ಲದ ವಿಷಯ ಒಂದಿತ್ತು. 2010ರ ತಿದ್ದುಪಡಿಯಿಂದ, ಮನೆಯಿಂದ ಕೆಲಸಕ್ಕೆ ಬರುವ ದಾರಿಯ ಅಪಘಾತವನ್ನೂ ಇಎಸ್‌ಐ ಕೆಲಸದ ಗಾಯ ಅಂತಲೇ ನೋಡುತ್ತೆ. ಅಪಘಾತ ಆದ ಹೊತ್ತು, ಜಾಗಕ್ಕೂ ಕೆಲಸಕ್ಕೂ ನಂಟು ತೋರಿಸಬೇಕು ಅಷ್ಟೇ. ನಾವು ಸುಮ್ನೆ ಕಾಯಿಲೆ ಅಂತ ಬರೆದಿದ್ದೆವು. ಕಾಯಿಲೆಗೆ ಕೂಲಿಯ ಶೇ. 70, ಕೆಲಸದ ಗಾಯಕ್ಕೆ ಶೇ. 90. ಅಪಘಾತದ ವರದಿ ತಡವಾಗಿ ಕೊಟ್ಟಿದ್ದೇವೆ. ಹೆಚ್ಚುವರಿ ದುಡ್ಡು ಇನ್ನೂ ಬಂದಿಲ್ಲ.

ಸೋಮವಾರದಿಂದ ಲೇಥ್‌ಗೆ. ಚಕ್ (ಲೋಹದ ತುಂಡನ್ನು ಹಿಡಿಯುವ ಭಾಗ) ಬಿಗಿಮಾಡೋಕೆ ಮಾತ್ರ ಹುಡುಗ ಜೊತೆಗಿರುತ್ತಾನೆ.